ಕೆಂಪು ಪಟ್ಟಿಯ ಮೊದಲ ಹೆಸರು ಯಾರದು?

(ಬಡ್ಡಿರಹಿತ ಸಾಲ ಸಂಘಗಳ ಪದಾಧಿಕಾರಿಗಳು ಮತ್ತು ಸಿಬ್ಬಂದಿಗಾಗಿ ನಡೆದ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನಮಗೆ ಒಪ್ಪಿಸಲಾಗಿರುವ ವಿಷಯ ಮೇಲ್ನೋಟಕ್ಕೆ ಕಂಪ್ಯೂಟರಿಗೆ ಸಂಬಂಧಿಸಿದ್ದು. ಸಾಲ ವಸೂಲಾತಿಯ ಸಾಫ್ಟ್‌ವೇರಿನಲ್ಲಿ ಗ್ರಾಹಕರ ಆದ್ಯತೆಯ ಹಂತಗಳನ್ನು ನಿಗದಿಪಡಿಸುವುದು ಹೇಗೆ ಎಂಬುದೇ ಆ ವಿಷಯ. ಇದನ್ನು ಕೇಳಿದೊಡನೆ ಹಿರಿಯರಲ್ಲಿ ಹಲವರು, ಇದು ಕಂಪ್ಯೂಟರ್ ಬಲ್ಲ ಹುಡುಗರ ಕೆಲಸ, ನಮಗೇಕೆ ಎಂದು ಭಾವಿಸಿರಬಹುದು. ವಾಸ್ತವದಲ್ಲಿ ಆಗುತ್ತಿರುವುದೂ ಅದೇ. ಲೆಡ್ಜರ್ ಪುಸ್ತಕಗಳನ್ನು ಬದಿಗಿಟ್ಟು ಕಂಪ್ಯೂಟರಿಗೆ ಬಂದ ಸಂಘಗಳಲ್ಲಿ ಸಾಫ್ಟ್‌ವೇರ್ ಮಾರಿದ ಕಂಪೆನಿಯ ಯುವಕನೊಬ್ಬ ಬರುತ್ತಾನೆ. ಒಂದು ಮಧ್ಯಾಹ್ನದೊಳಗೆ ಎಲ್ಲವನ್ನೂ ಅಳವಡಿಸುತ್ತಾನೆ. ಆದ್ಯತೆಯ ಪುಟ ಬಂದಾಗ, ಕಂಪೆನಿಯೇ ಮೊದಲೇ ತುಂಬಿಟ್ಟಿರುವ ಲೆಕ್ಕವನ್ನು ಹಾಗೆಯೇ ಉಳಿಸಿ, ಚಹಾ ಕುಡಿದು ಹೊರಟುಬಿಡುತ್ತಾನೆ. ಅಂದಿನಿಂದ, ಯಾರ ಮನೆಯ ಬಾಗಿಲನ್ನು ನಾವು ಮೊದಲು ತಟ್ಟಬೇಕು ಎಂಬುದನ್ನು ನಿರ್ಧರಿಸುವವರು ನಮ್ಮನ್ನು ಒಮ್ಮೆಯೂ ಕಂಡಿರದ ಜನರು.

ಈ ಪುಟ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ಸಾಲ ಪಡೆದ ಪ್ರತಿಯೊಬ್ಬರ ಖಾತೆಯಲ್ಲಿ ಕೆಲವು ಕಾಲಂಗಳಿರುತ್ತವೆ. ವಾಯಿದೆ ಮೀರಿ ಎಷ್ಟು ದಿನವಾಯಿತು, ಬಾಕಿಯ ಮೊತ್ತವೆಷ್ಟು, ಕೊಡುತ್ತೇನೆಂದು ಹೇಳಿ ತಪ್ಪಿದ್ದು ಎಷ್ಟು ಬಾರಿ, ಫೋನ್ ಎತ್ತಿದರೇ ಇಲ್ಲವೇ ಎಂಬಂತಹವು. ಈ ಕಾಲಂಗಳ ಮೇಲೆ ನಿಯಮಗಳನ್ನು ಬರೆಯಲಾಗುತ್ತದೆ. ಉದಾಹರಣೆಗೆ, ಬಾಕಿ 30 ದಿನ ದಾಟಿದ್ದು ಮೊತ್ತವು 10,000 ರೂಪಾಯಿ ಮೀರಿದ್ದರೆ ಒಂದನೇ ಹಂತ; 30 ದಿನ ದಾಟಿದ್ದರೂ ಮೊತ್ತ ಅದಕ್ಕಿಂತ ಕಡಿಮೆಯಿದ್ದರೆ ಎರಡನೇ ಹಂತ; ಉಳಿದದ್ದು ಮೂರನೇ ಹಂತ. ಪರದೆಯ ಮೇಲೆ ಇವು ಕೆಂಪು, ಹಳದಿ, ಹಸಿರು ಬಣ್ಣಗಳಾಗಿ ಕಾಣಿಸುತ್ತವೆ. ಬೆಳಿಗ್ಗೆ ಸಿಬ್ಬಂದಿ ಬಂದು ಕುಳಿತಾಗ ಪಟ್ಟಿ ಸಿದ್ಧವಾಗಿರುತ್ತದೆ. ಯಾರಿಗೆ ಮೊದಲು ಕರೆ ಮಾಡಬೇಕು, ಯಾರ ಮನೆಗೆ ಬೈಕ್ ಹೋಗಬೇಕು, ಯಾರ ಜಾಮೀನುದಾರನಿಗೆ ನೋಟಿಸು ಕಳುಹಿಸಬೇಕು ಎಂಬುದೆಲ್ಲ ಆ ಬಣ್ಣವನ್ನು ಅವಲಂಬಿಸಿರುತ್ತದೆ. ಸಂಬಳಕ್ಕೆ ದುಡಿಯುವ ಹುಡುಗ ಪಟ್ಟಿಯನ್ನು ಪ್ರಶ್ನಿಸುವುದಿಲ್ಲ, ಪ್ರಶ್ನಿಸಬೇಕೆಂದು ನಾವು ಅವನಿಗೆ ಹೇಳಿಯೂ ಇಲ್ಲ.

ಕಂಪೆನಿ ತುಂಬಿಟ್ಟ ಈ ಲೆಕ್ಕ ಎಲ್ಲಿಂದ ಬಂತು? ಅದು ಬ್ಯಾಂಕುಗಳಿಂದ ಬಂದದ್ದು. 1991ರ ನರಸಿಂಹಂ ಸಮಿತಿಯ ವರದಿಯ ನಂತರ ನಮ್ಮ ದೇಶದ ಬ್ಯಾಂಕುಗಳಲ್ಲಿ ಮರಳಿ ಬಾರದ ಸಾಲವನ್ನು ಅನುತ್ಪಾದಕ ಆಸ್ತಿ ಎಂದು ವಿಂಗಡಿಸುವ ಪದ್ಧತಿ ಜಾರಿಗೆ ಬಂತು. 2004ರ ಮಾರ್ಚ್ 31ರಿಂದ ಅದರ ಗಡುವು 90 ದಿನಗಳಾಯಿತು. ಅದಕ್ಕೂ ಮೊದಲು 180 ದಿನಗಳಿದ್ದವು. ಆ ಬಳಿಕ 2014ರಲ್ಲಿ, ತೊಂಬತ್ತು ದಿನ ತುಂಬುವ ಮೊದಲೇ ಎಚ್ಚರಿಕೆ ಗಂಟೆ ಬಾರಿಸಲೆಂದು ಮೂರು ಮೆಟ್ಟಿಲುಗಳನ್ನು ಮಾಡಲಾಯಿತು. 30 ದಿನಗಳ ವರೆಗಿನ ಬಾಕಿ ಮೊದಲನೆಯದು, 31ರಿಂದ 60 ಎರಡನೆಯದು, 61ರಿಂದ 90 ಮೂರನೆಯದು. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಒಮ್ಮೆ ಅನುತ್ಪಾದಕವೆನಿಸಿದ ಖಾತೆ ಮತ್ತೆ ಒಳ್ಳೆಯ ಖಾತೆಯಾಗಬೇಕಿದ್ದರೆ ಒಂದೆರಡು ಕಂತು ಕಟ್ಟಿದರೆ ಸಾಲದು, ಹಿಂದಿನ ಬಾಕಿಯೆಲ್ಲವೂ ಸಂದಾಯವಾಗಬೇಕೆಂದು ಸ್ಪಷ್ಟಪಡಿಸಿತು.

ಇದರಿಂದ ಬ್ಯಾಂಕಿನ ನಡವಳಿಕೆ ಹೇಗೆ ರೂಪುಗೊಳ್ಳುತ್ತದೆಂಬುದನ್ನು ಗಮನಿಸಿ. ಎಂಬತ್ತು ದಿನಗಳ ಬಾಕಿಯಿರುವಾತನ ಮೇಲೆ ಬ್ಯಾಂಕು ಎಲ್ಲಿಲ್ಲದ ಒತ್ತಡ ಹೇರುತ್ತದೆ. ಏಕೆಂದರೆ ಇನ್ನು ಹತ್ತು ದಿನ ಕಳೆದರೆ ಆ ಖಾತೆಗಾಗಿ ಬ್ಯಾಂಕು ತನ್ನ ಲಾಭದಿಂದ ಹೆಚ್ಚಿನ ಹಣ ತೆಗೆದಿಡಬೇಕಾಗುತ್ತದೆ. ತಾನಾಗಿಯೇ ಕಟ್ಟಬಹುದಾದವನನ್ನು ಅದು ಸುಮ್ಮನೆ ಬಿಡುತ್ತದೆ, ಅವನ ಹಿಂದೆ ಹೋಗಿ ಪೆಟ್ರೋಲು ಸುಡುವುದಿಲ್ಲ. ಇದರಲ್ಲಿ ಬ್ಯಾಂಕಿನ ಮಟ್ಟಿಗೆ ಒಂದು ತರ್ಕವಿದೆ. ಆದರೆ ಆ ಎಂಬತ್ತು ದಿನಗಳಲ್ಲಿ ಸಾಲಗಾರನ ಮನೆಯಲ್ಲಿ ಏನು ನಡೆಯಿತೆಂಬ ಪ್ರಶ್ನೆಗೆ ಈ ತರ್ಕದಲ್ಲಿ ಸ್ಥಳವಿಲ್ಲ.

ಇಬ್ಬರನ್ನು ಊಹಿಸಿಕೊಳ್ಳೋಣ. ಇಬ್ಬರದೂ 18,000 ರೂಪಾಯಿ ಬಾಕಿ, ಇಬ್ಬರಿಗೂ ವಾಯಿದೆ ಮೀರಿ 40 ದಿನಗಳಾಗಿವೆ. ಒಬ್ಬ ಆಟೋ ಚಾಲಕ. ಕಾಲು ಮುರಿದು ಮಲಗಿದ್ದಾನೆ, ಆಟೋ ಅಂಗಳದಲ್ಲಿ ನಿಂತಿದೆ, ಪತ್ನಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದಾಳೆ. ಮತ್ತೊಬ್ಬನದು ಪೇಟೆಯಲ್ಲಿ ಬಟ್ಟೆ ಅಂಗಡಿ. ವ್ಯಾಪಾರ ಚೆನ್ನಾಗಿದೆ. ಹಬ್ಬಕ್ಕೆ ಹೊಸ ಮಾಲು ತರಿಸಿದ್ದಾನೆ. ಸಂಘದ ಸಾಲಕ್ಕೆ ಬಡ್ಡಿಯಿಲ್ಲವಲ್ಲ, ಆದ್ದರಿಂದ ಅದನ್ನು ಕೊನೆಗೆ ಕಟ್ಟಿದರಾಯಿತು ಎಂದುಕೊಂಡಿದ್ದಾನೆ. ಕಂಪ್ಯೂಟರಿನಲ್ಲಿ ಇಬ್ಬರೂ ಕೆಂಪು. ಇಬ್ಬರಿಗೂ ಒಂದೇ ಮಾತಿನ ಸಂದೇಶ ಹೋಗುತ್ತದೆ. ಫೋನ್ ಎತ್ತಲು ನಾಚಿಕೊಂಡ ಆಟೋ ಚಾಲಕ ಒಂದು ವಾರದೊಳಗೆ ಪಟ್ಟಿಯ ಇನ್ನೂ ಮೇಲಕ್ಕೆ ಏರುತ್ತಾನೆ. ಫೋನ್ ಎತ್ತಿ, ಇನ್ಷಾ ಅಲ್ಲಾಹ್ ಮುಂದಿನ ಶುಕ್ರವಾರ ಎಂದು ನಗುನಗುತ್ತಾ ಹೇಳಿದ ಅಂಗಡಿ ಮಾಲಕ ಕೆಳಕ್ಕೆ ಇಳಿಯುತ್ತಾನೆ. ಸಾಫ್ಟ್‌ವೇರಿಗೆ ಅವನು ಸಂಪರ್ಕಕ್ಕೆ ಸಿಕ್ಕಿದ, ವಾಗ್ದಾನ ಕೊಟ್ಟ ಗ್ರಾಹಕ!

ಕರಾವಳಿಯ ಹಿರಿಯರಿಗೆ ಪಿಗ್ಮಿ ಸಂಗ್ರಾಹಕರು ನೆನಪಿರಬಹುದು. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ ಆ ಯೋಜನೆಯಲ್ಲಿ ಪ್ರತಿದಿನ ಅಂಗಡಿಯಿಂದ ಅಂಗಡಿಗೆ ನಡೆದು ಚಿಲ್ಲರೆ ಸಂಗ್ರಹಿಸುವವನಿಗೆ, ಯಾವ ಅಂಗಡಿ ಏಕೆ ಮುಚ್ಚಿದೆ, ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಕಾಯಿಲೆ ಎಂಬುದೆಲ್ಲ ತಿಳಿದಿರುತ್ತಿತ್ತು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಡೆದಾಡುವ ಸಂಗ್ರಾಹಕನ ತಿಳಿವಳಿಕೆಯನ್ನು ಯಾವ ಕಾಲಂನಲ್ಲಿ ಬರೆದಿಡಬೇಕೆಂದು ಸಾಫ್ಟ್‌ವೇರ್ ತಯಾರಿಸುವವರು ಯೋಚಿಸಿದಂತೆ ಕಾಣುವುದಿಲ್ಲ.

ಸಹೋದರರೇ, ಬಡ್ಡಿಯನ್ನು ಬಿಟ್ಟಿದ್ದೇವೆ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ಸಾಲದ ಕುರಿತು ಪವಿತ್ರ ಕುರ್‌ಆನ್ ಬಡ್ಡಿಯ ನಿಷೇಧದೊಂದಿಗೆ ಮಾತು ಮುಗಿಸಿಲ್ಲ. ಅಲ್ ಬಕರಃ ಅಧ್ಯಾಯದಲ್ಲಿ ಬಡ್ಡಿಯ ಪ್ರಸ್ತಾಪ ಮುಗಿದೊಡನೆಯೇ, ಅದೇ ಉಸಿರಿನಲ್ಲಿ ಎಂಬಂತೆ, ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ವರೆಗೆ ಕಾಲಾವಕಾಶ ನೀಡಬೇಕೆಂದೂ, ಬಿಟ್ಟುಕೊಟ್ಟರೆ ಅದು ಇನ್ನೂ ಒಳಿತೆಂದೂ 280ನೇ ವಚನದಲ್ಲಿ ಆದೇಶವಿದೆ. ಝಕಾತ್ ವಿನಿಯೋಗದ ಎಂಟು ಬಾಬ್ತುಗಳಲ್ಲಿ ಸಾಲದಲ್ಲಿ ಮುಳುಗಿದವರದೂ ಒಂದು. ಇನ್ನೊಂದೆಡೆ, ಸಾಮರ್ಥ್ಯವಿದ್ದೂ ಸಾಲ ತೀರಿಸದೆ ಸತಾಯಿಸುವುದನ್ನು ಪ್ರವಾದಿಯವರು(ಸ) ಅಕ್ರಮವೆಂದು ಪರಿಗಣಿಸಿರುವರು. ಹೀಗೆ ಎರಡು ಬಗೆಯ ಸಾಲಗಾರರು ನಮ್ಮ ಮುಂದಿದ್ದಾರೆ. ಕಷ್ಟದಲ್ಲಿರುವವನು ಒಬ್ಬ, ಸತಾಯಿಸುವವನು ಮತ್ತೊಬ್ಬ. ಇಬ್ಬರ ನಡುವೆ ದಿನಗಳ ಲೆಕ್ಕದಲ್ಲಾಗಲಿ, ರೂಪಾಯಿಯ ಲೆಕ್ಕದಲ್ಲಾಗಲಿ ಯಾವ ವ್ಯತ್ಯಾಸವೂ ಇಲ್ಲದಿರಬಹುದು. ಕಾರಣವನ್ನು ಕೇಳಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಆದುದರಿಂದ ನಮ್ಮ ಸಾಫ್ಟ್‌ವೇರಿನಲ್ಲಿ ಕಾರಣಕ್ಕಾಗಿಯೇ ಒಂದು ಕಾಲಂ ಬೇಕು. ವಿಚಾರಿಸಿದ್ದೇವೆ, ಸಾಮರ್ಥ್ಯವಿಲ್ಲ, ವಿಚಾರಿಸಿದ್ದೇವೆ, ಸಾಮರ್ಥ್ಯವಿದೆ, ಇನ್ನೂ ವಿಚಾರಿಸಿಲ್ಲ. ಈ ಮೂರೇ ಸಾಕು. ಇಲ್ಲಿ ತಾಂತ್ರಿಕವಾದ ಮೂರು ಎಚ್ಚರಿಕೆಗಳನ್ನು ಹೇಳಲೇಬೇಕು, ಏಕೆಂದರೆ ಇವು ತಿಳಿಯದಿದ್ದರೆ ಕಾಲಂ ಇದ್ದೂ ಇಲ್ಲದಂತೆ. ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ. ಮೊದಲು ಹೊಂದಿಕೆಯಾದ ನಿಯಮವೇ ಅಂತಿಮ, ಕೆಳಗಿನದನ್ನು ಯಂತ್ರ ನೋಡುವುದೇ ಇಲ್ಲ. ದಿನಗಳ ನಿಯಮವನ್ನು ಮೇಲೆ ಬಿಟ್ಟು ಸಾಮರ್ಥ್ಯದ ನಿಯಮವನ್ನು ಕೆಳಗೆ ಬರೆದರೆ, ಕಾಲು ಮುರಿದವನು ಕೆಂಪಿನಲ್ಲಿಯೇ ಉಳಿಯುತ್ತಾನೆ. ಇನ್ನು, ಕಾಲಂ ಖಾಲಿಯಿದ್ದರೆ ಯಂತ್ರವು ಸಾಮರ್ಥ್ಯವಿಲ್ಲ ಎಂಬ ನಿಯಮಕ್ಕೆ ಅವನನ್ನು ಸೇರಿಸುವುದಿಲ್ಲ, ಮುಂದಿನ ನಿಯಮಕ್ಕೆ ತಳ್ಳುತ್ತದೆ. ಅಂದರೆ ನಮ್ಮ ಆಲಸ್ಯದಿಂದ ಖಾಲಿ ಉಳಿದ ಜಾಗವು ಅವನು ಶಕ್ತನೆಂಬ ತೀರ್ಪಾಗಿ ಪರಿಣಮಿಸುತ್ತದೆ. ಆದ್ದರಿಂದ ಖಾಲಿ ಇರುವವರನ್ನು ವಸೂಲಿಯ ಪಟ್ಟಿಗೆ ಕಳುಹಿಸದೆ ವಿಚಾರಣೆಯ ಪಟ್ಟಿಗೆ ಕಳುಹಿಸುವ ನಿಯಮವನ್ನು ಎಲ್ಲಕ್ಕಿಂತ ಮೇಲೆ ಬರೆಯಿಸಿ. ಮೂರನೆಯದಾಗಿ, ಹಲವು ಸಾಫ್ಟ್‌ವೇರ್‌ಗಳು ರಾತ್ರಿ ಹೊತ್ತು ಹಂತಗಳನ್ನು ಹೊಸದಾಗಿ ಲೆಕ್ಕಹಾಕುತ್ತವೆ. ಹಗಲಿನಲ್ಲಿ ನೀವು ಕೈಯಾರೆ ಬದಲಿಸಿದ್ದು ಬೆಳಗಾಗುವಾಗ ಅಳಿಸಿಹೋಗಿರುತ್ತದೆ. ಕೈಯಾರೆ ಮಾಡಿದ ಬದಲಾವಣೆ ಉಳಿಯುವಂತೆ ಪ್ರತ್ಯೇಕ ಗುರುತು ಹಾಕುವ ಸೌಲಭ್ಯವಿದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ಇಷ್ಟಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಸಾಫ್ಟ್‌ವೇರಿನಲ್ಲಿ ಇರುವುದು ಒಂದೇ ಏಣಿ. ಮೇಲಿದ್ದವನನ್ನು ಮೊದಲು ಹಿಡಿಯಬೇಕು, ಕೆಳಗಿದ್ದವನನ್ನು ಸದ್ಯಕ್ಕೆ ಬಿಡಬೇಕು. ಕಷ್ಟದಲ್ಲಿರುವವನನ್ನು ಕೆಳಕ್ಕಿಳಿಸಿದೆವು ಎಂದುಕೊಳ್ಳಿ. ಆಗ ಅವನನ್ನು ಯಾರೂ ಕಾಡುವುದಿಲ್ಲ ಎಂಬುದೇನೋ ನಿಜ, ಆದರೆ ಯಾರೂ ನೋಡುವುದೂ ಇಲ್ಲ. ಆರು ತಿಂಗಳ ಬಳಿಕ ಅವನು ಮೈಕ್ರೋಫೈನಾನ್ಸ್ ಬಾಗಿಲಿಗೋ ಮೀಟರ್ ಬಡ್ಡಿಯವನ ಬಾಗಿಲಿಗೋ ಹೋಗಿರುತ್ತಾನೆ. ನಮ್ಮ ಸಂಘವು ಹುಟ್ಟಿದ್ದು ಯಾವುದನ್ನು ತಪ್ಪಿಸಲೋ ಅದೇ ಆಗಿರುತ್ತದೆ. ಆದ್ದರಿಂದ ಎರಡು ಪಟ್ಟಿಗಳಿರಲಿ. ಒಂದು ವಸೂಲಿ ಸಿಬ್ಬಂದಿಯ ಮೇಜಿಗೆ, ಇನ್ನೊಂದು ಝಕಾತ್ ಅಥವಾ ಬೈತುಲ್ ಮಾಲ್ ಸಮಿತಿಯ ಮೇಜಿಗೆ. ವಿಧವೆಯ ಕಡತವೂ ಮೊದಲ ಸಾಲಿಗೆ ಬರಲಿ, ಆದರೆ ಎರಡನೇ ಮೇಜಿನ ಮೊದಲ ಸಾಲಿಗೆ. ಕಂತನ್ನು ಕಿರಿದುಗೊಳಿಸುವುದೇ, ವಾಯಿದೆ ಮುಂದೂಡುವುದೇ, ಝಕಾತ್‌ನಿಂದ ಸಾಲ ತೀರಿಸುವುದೇ ಎಂಬುದನ್ನು ಅಲ್ಲಿ ತೀರ್ಮಾನಿಸಲಿ.

ಹೀಗೆ ದಯೆ ತೋರುತ್ತಾ ಹೋದರೆ ಸಂಘ ಉಳಿಯುವುದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಾವು ಕೊಡುವ ಸಾಲ ನಮ್ಮ ಜೇಬಿನ ಹಣವಲ್ಲ. ಅದು ಮಗಳ ಮದುವೆಗೆಂದು, ಹಜ್ಜ್ ಯಾತ್ರೆಗೆಂದು ಸಮುದಾಯದ ಜನರು ತಂದಿಟ್ಟ ಅಮಾನತ್ತು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಕುಟುಂಬಗಳು ಪೊಲೀಸರ ಮುಂದೆ ಸರತಿಯಲ್ಲಿ ನಿಂತುದನ್ನು ಈ ರಾಜ್ಯ ಕಂಡಿದೆ. ಅಲ್ಲಿನ ರೋಗ ಬೇರೆಯೇ ಆಗಿತ್ತು, ಆದರೆ ಹಲಾಲ್ ಎಂಬ ಪದದ ಮೇಲೆ ಜನರಿಟ್ಟ ವಿಶ್ವಾಸಕ್ಕೆ ಬಿದ್ದ ಪೆಟ್ಟು ನಮ್ಮೆಲ್ಲರ ಮೇಲೂ ಬಿದ್ದಿದೆ. ಆದುದರಿಂದ ಶಕ್ತರಾದವರ ಮೇಲೆ ಬಿಗಿ ಬೇಕು, ಈಗಿರುವುದಕ್ಕಿಂತಲೂ ಹೆಚ್ಚು ಬೇಕು.

ಆದರೆ ನಮ್ಮ ಸಂಘಗಳಲ್ಲಿ ಹಣ ನಿಂತುಹೋಗುವುದು ಯಾರಲ್ಲಿ? ಬಡವರಲ್ಲಿಯೇ? ಎದೆ ಮುಟ್ಟಿ ಹೇಳೋಣ. ಆದ್ಯತೆಯ ಪುಟದಲ್ಲಿ ಇನ್ನೊಂದು ಗುಂಡಿಯಿದೆ. ವಿಶೇಷ ಗ್ರಾಹಕ ಎಂದೋ, ತಡೆಹಿಡಿಯಲಾಗಿದೆ ಎಂದೋ ಅದರ ಹೆಸರು. ಅದನ್ನು ಒತ್ತಿದರೆ ಆ ಖಾತೆ ಯಾವ ಪಟ್ಟಿಯಲ್ಲೂ ಕಾಣಿಸಿಕೊಳ್ಳುವುದಿಲ್ಲ. ಕರೆಯಿಲ್ಲ, ಸಂದೇಶವಿಲ್ಲ, ನೋಟಿಸಿಲ್ಲ. ಕಂಪೆನಿಗಳು ಇದನ್ನು ಇಟ್ಟಿರುವುದು ದೊಡ್ಡ ಗ್ರಾಹಕರ ಮುನಿಸನ್ನು ತಪ್ಪಿಸಲು, ಇಲ್ಲವೇ ನ್ಯಾಯಾಲಯದಲ್ಲಿರುವ ಪ್ರಕರಣಗಳಿಗಾಗಿ. ನಮ್ಮಲ್ಲಿ ಆ ಗುಂಡಿಯನ್ನು ಯಾರಿಗಾಗಿ ಒತ್ತಲಾಗುತ್ತದೆ? ಸಮಿತಿಯ ಸದಸ್ಯರೊಬ್ಬರ ಅಳಿಯನಿಗೆ. ಮಸೀದಿಯ ಹೊಸ ಕಟ್ಟಡಕ್ಕೆ ದೇಣಿಗೆ ಕೊಟ್ಟವರಿಗೆ. ಚುನಾವಣೆಯಲ್ಲಿ ನಿಂತವರಿಗೆ. ಅವರ ಬಾಕಿ ಲಕ್ಷಗಳಲ್ಲಿರುತ್ತದೆ, ಅವರ ಹೆಸರು ಎತ್ತಲು ಸಿಬ್ಬಂದಿ ಅಂಜುತ್ತಾನೆ. ಅದೇ ಸಿಬ್ಬಂದಿ 6,000 ರೂಪಾಯಿ ಉಳಿಸಿಕೊಂಡ ಮೀನು ಮಾರುವ ಹೆಂಗಸಿಗೆ ದಿನಕ್ಕೆ ಮೂರು ಸಲ ಕರೆ ಮಾಡುತ್ತಾನೆ. ಲೆಡ್ಜರಿನ ಕಾಲದಲ್ಲೂ ಇದು ಇತ್ತು. ಆಗ ಪುಸ್ತಕ ತೆರೆದವರಿಗೆ ಕಾಣುತ್ತಿತ್ತು. ಈಗ ಪರದೆಯ ಹಿಂದೆ ಸರಿದಿದೆ.

ಆ ಗುಂಡಿಯನ್ನು ತೆಗೆಯಿಸಬೇಕೆಂದು ನಾವು ಹೇಳುವುದಿಲ್ಲ, ಅದಕ್ಕೆ ಸಕ್ರಮ ಉಪಯೋಗವೂ ಇದೆ. ಆದರೆ ಅದನ್ನು ಒತ್ತುವಾಗ ಒತ್ತಿದವರ ಹೆಸರು, ಕಾರಣ ಮತ್ತು ಯಾವ ದಿನಾಂಕದ ವರೆಗೆ ಎಂಬುದನ್ನು ತುಂಬದೆ ಮುಂದಕ್ಕೆ ಹೋಗದಂತೆ ಮಾಡಿಸಿ. ಪ್ರತಿ ತಿಂಗಳ ಸಭೆಯಲ್ಲಿ ವರದಿ ಓದುವ ಮೊದಲು ಈ ಪಟ್ಟಿಯನ್ನು ಗಟ್ಟಿಯಾಗಿ ಓದಿ. ಸದಸ್ಯರ ಬಂಧುಗಳ ಹೆಸರು ಬಂದಾಗ ಆ ಸದಸ್ಯರು ಎದ್ದು ಹೊರಗೆ ಕುಳಿತುಕೊಳ್ಳಲಿ.

ಮತ್ತೊಂದು ಕಾಲಂ ಇದೆ, ನೋಡಲು ಬಹಳ ನಿರುಪದ್ರವಿ: ಪ್ರದೇಶ, ಅಥವಾ ಪಿನ್‌ಕೋಡ್. ಈ ಬಡಾವಣೆಯವರು ಹಿಂದೆ ಸರಿಯಾಗಿ ಕಟ್ಟಿಲ್ಲ, ಆದ್ದರಿಂದ ಇಲ್ಲಿಯವರಿಗೆ ಹೆಚ್ಚು ಅಂಕ ಕೊಟ್ಟು ಮೊದಲೇ ಕೆಂಪು ಮಾಡಿ ಎಂದು ಸಾಫ್ಟ್‌ವೇರಿಗೆ ಹೇಳಬಹುದು. ಈ ಕಾಲಂನ ಪರಿಚಯ ನಮಗೆ ಹೊಸದೇ? 2006ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು ಸರಕಾರಕ್ಕೆ ಒಪ್ಪಿಸಿದ ವರದಿಯಲ್ಲಿ, ಮುಸ್ಲಿಮರು ಹೆಚ್ಚಾಗಿ ವಾಸಿಸುವ ಹಲವು ಪ್ರದೇಶಗಳನ್ನು ಕೆಲವು ಬ್ಯಾಂಕುಗಳು ನಕಾರಾತ್ಮಕ ವಲಯಗಳೆಂದು ಗುರುತಿಸಿ ಸಾಲ ನೀಡಲು ಹಿಂಜರಿಯುತ್ತಿರುವ ಪ್ರಸ್ತಾಪವಿದೆ. ಓರ್ವನ ದುಡಿಮೆಯನ್ನಾಗಲಿ ಪ್ರಾಮಾಣಿಕತೆಯನ್ನಾಗಲಿ ನೋಡದೆ ಅವನ ಬೀದಿಯ ಹೆಸರನ್ನು ನೋಡಿ ಅರ್ಜಿಯನ್ನು ಬದಿಗಿರಿಸಲಾಗುತ್ತಿತ್ತು. ಆ ಅನ್ಯಾಯದ ವಿರುದ್ಧ ನಾವು ಎಷ್ಟು ಲೇಖನ ಬರೆದಿಲ್ಲ, ಎಷ್ಟು ಮನವಿ ಸಲ್ಲಿಸಿಲ್ಲ! ನಮ್ಮ ಅನೇಕ ಸಂಘಗಳು ಬೆಳೆದದ್ದೂ ಬ್ಯಾಂಕುಗಳ ಬಾಗಿಲು ಮುಚ್ಚಿದ್ದ ಆ ಬೀದಿಗಳಲ್ಲಿಯೇ. ಇಂದು ನಮ್ಮದೇ ಸಂಘದ ಕಂಪ್ಯೂಟರಿನಲ್ಲಿ ಊರಾಚೆಯ ಕಾಲನಿಯನ್ನು, ಗುಡಿಸಲುಗಳ ಸಾಲನ್ನು ಕೆಂಪು ವಲಯ ಮಾಡಿದರೆ, ಬ್ಯಾಂಕಿನವರನ್ನು ದೂರುವ ನೈತಿಕ ಹಕ್ಕು ನಮಗೆ ಎಲ್ಲಿಂದ ಬರಬೇಕು? ಮನೆ ಭೇಟಿಯ ದಾರಿ ಹಾಕಿಕೊಳ್ಳಲು ವಿಳಾಸವಿರಲಿ. ಅಂಕ ಕೊಡುವ ನಿಯಮದಲ್ಲಿ ಅದು ಬೇಡ. ನಮ್ಮ ಸಂಘಗಳಲ್ಲಿ ಸಾಲ ಪಡೆಯುವ ಇತರ ಧರ್ಮೀಯ ಸಹೋದರರ ವಿಷಯದಲ್ಲೂ ಇದೇ ಮಾತು. ಹೆಸರು ನೋಡಿ ಬಣ್ಣ ಬದಲಾಗಬಾರದು.

ಕಾನೂನಿನ ಸಂಗತಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ, 2022ರ ಆಗಸ್ಟ್‌ನ ರಿಸರ್ವ್ ಬ್ಯಾಂಕ್ ಸುತ್ತೋಲೆಯು ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಬಾಕಿಗಾಗಿ ಕರೆ ಮಾಡುವುದನ್ನು ನಿಷೇಧಿಸಿತು. ಕಿರುಸಾಲಗಳಿಗೆ ಅದೇ ವರ್ಷದ ಮಾರ್ಚ್‌ನ ನಿರ್ದೇಶನವು ಬೆಳಿಗ್ಗೆ 9ರಿಂದ ಸಂಜೆ 6ರ ಮಿತಿ ಹಾಕಿತು. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಹೆದರಿ ಚಾಮರಾಜನಗರ ಜಿಲ್ಲೆಯಲ್ಲಿ ಜನರು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ಬಂದ ಮೇಲೆ ಕರ್ನಾಟಕ ಸರಕಾರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ ಅದರಲ್ಲಿ 10 ವರ್ಷಗಳ ವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿ ವರೆಗೆ ದಂಡದ ಅವಕಾಶವಿತ್ತು. ರಿಸರ್ವ್ ಬ್ಯಾಂಕಿನ ನಿಯಮಗಳು ಬ್ಯಾಂಕು ಮತ್ತು ಹಣಕಾಸು ಕಂಪೆನಿಗಳಿಗಾಗಿ ಬರೆದವು. ನಮ್ಮದು ಸಣ್ಣ ಸಂಘ, ನಮಗದು ಅನ್ವಯಿಸದು ಎಂದು ವಾದಿಸಬಹುದು. ಆದರೆ ಬಡ್ಡಿ ತಿನ್ನುವ ಸಂಸ್ಥೆಗೆ ಸಂಜೆ ಆರಕ್ಕೆ ನಿಲ್ಲಿಸಬೇಕೆಂದಿರುವಾಗ ಬಡ್ಡಿರಹಿತ ಸಂಘದ ಸಂದೇಶ ರಾತ್ರಿ ಹತ್ತಕ್ಕೆ ಬರುವುದು ಎಷ್ಟು ಶೋಭೆ? ಸಂದೇಶದ ಸಮಯವನ್ನು ಒಮ್ಮೆ ನಿಗದಿಪಡಿಸಿದರೆ ಮುಗಿಯಿತು. ಕೆಂಪು ಪಟ್ಟಿಯನ್ನು ಜಮಾಅತಿನ ವಾಟ್ಸಾಪ್ ಗುಂಪಿಗೆ ಹಾಕುವವರನ್ನು ಮಾತ್ರ ಸಮಿತಿಯಿಂದ ಹೊರಗಿಡಿ.

ಕೊನೆಯದಾಗಿ, ಸಾಲಗಾರನ ಮಾತಿನ ಬಗ್ಗೆ. ಕುರ್‌ಆನಿನ ಅತ್ಯಂತ ದೀರ್ಘ ವಚನವು ಸಾಲವನ್ನು ಬರೆದಿಡುವುದರ ಕುರಿತಾದುದು ಎಂಬುದು ನಮಗೆಲ್ಲ ತಿಳಿದಿದೆ. ಅದರಲ್ಲಿ ಒಂದು ಅಂಶವನ್ನು ನಾವು ಓದಿ ದಾಟಿಬಿಡುತ್ತೇವೆ. ಪತ್ರ ಬರೆಯುವಾಗ ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಸಾಲ ಪಡೆದವನು. ಹಣವಿರುವವನ ಕೈ ಮೇಲಾಗಿರುವ ವ್ಯವಹಾರದಲ್ಲಿ ಮಾತು ಇನ್ನೊಬ್ಬನಿಗೆ ಕೊಡಲ್ಪಟ್ಟಿದೆ. ಅವನು ಅಶಕ್ತನಾಗಿದ್ದರೆ ಅವನ ಪರವಾಗಿ ಹೇಳಿ ಬರೆಸಲು ಪೋಷಕನೂ ಇರಬೇಕೆಂದಿದೆ. ನಮ್ಮ ಸಾಫ್ಟ್‌ವೇರಿನ ಯಾವ ಪುಟದಲ್ಲಿ ಸಾಲಗಾರನ ಮಾತಿದೆ? ಅಲ್ಲಿರುವುದೆಲ್ಲ ಅವನ ಬಗ್ಗೆ ನಾವು ಬರೆದದ್ದು. ಫೋನ್ ಎತ್ತಲಿಲ್ಲ, ಮನೆಯಲ್ಲಿರಲಿಲ್ಲ, ಮಾತು ತಪ್ಪಿದ ಎಂದು. ಭೇಟಿಯ ವರದಿಯಲ್ಲಿ ಅವನು ಹೇಳಿದ ಕಾರಣವನ್ನು ಅವನದೇ ಮಾತುಗಳಲ್ಲಿ, ಬ್ಯಾರಿಯಲ್ಲಿ ಹೇಳಿದರೆ ಬ್ಯಾರಿಯಲ್ಲಿ, ಉರ್ದುವಿನಲ್ಲಿ ಹೇಳಿದರೆ ಉರ್ದುವಿನಲ್ಲಿ ಬರೆದು, ಅವನಿಗೆ ಓದಿ ಹೇಳಿ ದಾಖಲಿಸಿ. ತನ್ನ ಹಂತ ಯಾವುದು, ಏಕೆ ಎಂದು ಅವನು ಕೇಳಿದರೆ ಉತ್ತರಿಸುವ ಹೊಣೆ ಶಾಖೆಯ ವ್ಯವಸ್ಥಾಪಕರದ್ದಾಗಿರಲಿ. ಕಂಪ್ಯೂಟರ್ ಹಾಗೆ ತೋರಿಸುತ್ತಿದೆ ಎಂಬ ಉತ್ತರವನ್ನು ಒಪ್ಪಬೇಡಿ.

ಸಾಮರ್ಥ್ಯವಿಲ್ಲ ಎಂಬ ಗುರುತು ಶಾಶ್ವತವಾಗಬಾರದು, ಸಾಮರ್ಥ್ಯವಿದೆ ಎಂಬುದೂ ಹಾಗೆಯೇ. ಮುರಿದ ಕಾಲು ಕೂಡುತ್ತದೆ, ನಡೆಯುತ್ತಿದ್ದ ಅಂಗಡಿ ಮುಚ್ಚುತ್ತದೆ. ಮೂರು ತಿಂಗಳಾದೊಡನೆ ಎರಡೂ ತಾವಾಗಿ ಇನ್ನೂ ವಿಚಾರಿಸಿಲ್ಲ ಎಂಬಲ್ಲಿಗೆ ಮರಳುವಂತೆ ಅವಧಿ ಹಾಕಿಸಿ. ಹಂತ ಬದಲಿಸುವ ಪಾಸ್‌ವರ್ಡ್ ಇಬ್ಬರಲ್ಲಿ ಮಾತ್ರ ಇರಲಿ, ಅವರಲ್ಲಿ ಒಬ್ಬರು ವಸೂಲಿ ವಿಭಾಗದವರಾಗಿರಬಾರದು. ಮಧ್ಯಾಹ್ನದ ನಮಾಝಿನ ನಂತರ ಪ್ರಶ್ನೋತ್ತರವಿದೆ. ಪ್ರತಿಯೊಂದು ಸಂಘದವರೂ ತಮ್ಮ ಇಂದಿನ ಕೆಂಪು ಪಟ್ಟಿಯ ಮೊದಲ ಇಪ್ಪತ್ತು ಖಾತೆಗಳನ್ನು, ಹೆಸರು ಮುಚ್ಚಿ, ಮುದ್ರಿಸಿ ತಂದಿದ್ದಾರೆ. ಪ್ರತಿ ಸಾಲಿನ ಎದುರು ಒಂದೇ ಪ್ರಶ್ನೆ ಕೇಳೋಣ: ಈತನ ಮನೆಗೆ ಕೊನೆಯ ಬಾರಿ ಹೋದವರು ಯಾರು, ಯಾವ ದಿನ?